ಆರೋಪಿ ‘ಬಾಯಿಬಿಟ್ಟ’ ಅಂತ ಬರೆಯುವ ಮುಂಚೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಈಗೀಗ ಯಾರೂ ಏನನ್ನೂ ಸುಮ್ನೆ ಹೇಳುವುದಿಲ್ಲ. ಬಹಿರಂಗಪಡಿಸುತ್ತಾರೆ, ಬಿಚ್ಚಿಡುತ್ತಾರೆ, ಹೊರಹಾಕುತ್ತಾರೆ, ಬಾಯಿಬಿಡುತ್ತಾರೆ. ಹೇಳಲು ಯಾರೂ ಸಿಗದಿದ್ದರೆ ವಿಷಯ ತಾನಾಗಿಯೇ ಬಯಲಾಗುತ್ತದೆ. ‘ಹೇಳಿದರು’ ಅನ್ನುವ ಪಾಪದ ಪದ ಭಾಷಣದ ವರದಿಗಳಲ್ಲಿ ಮಾತ್ರ ಉಳಿದುಕೊಂಡಿತ್ತು. ಅಲ್ಲಿಗೂ ಈಗ ‘ಗುಡುಗಿದರು’, ‘ಕಿಡಿಕಾರಿದರು’ ಬಂದು ಕೂತಿವೆ. ಇದು ನಿಮ್ಮೊಬ್ಬರ ಮೇಲಿನ ದೂರಲ್ಲ. ಬೇರೆ ಪತ್ರಿಕೆಗಳೂ ಟಿ.ವಿ. ಚಾನೆಲ್‌ಗಳೂ ಹೀಗೇ ಬರೆಯುತ್ತವೆ. ನಾನು ದುಡ್ಡು ಕೊಟ್ಟು ಓದುವುದು ನಿಮ್ಮ ಪತ್ರಿಕೆ, ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ಸಿನಿಮಾ ಪುಟದ ಬಗ್ಗೆ ನನ್ನದೇನೂ ತಕರಾರಿಲ್ಲ. ನಟಿಯೊಬ್ಬರು ತಮಗೆ ಇಷ್ಟದ ಬಣ್ಣ ಯಾವುದು ಎಂಬ ‘ಗುಟ್ಟು ಬಿಚ್ಚಿಟ್ಟರೆ’ ಯಾರ ಮನೆಯೂ ಮುಳುಗುವುದಿಲ್ಲ. ತಕರಾರು ಇರುವುದು ಅಪರಾಧ ಸುದ್ದಿಗಳ ಬಗ್ಗೆ. ‘ಕೊಲೆ ರಹಸ್ಯ ಬಯಲು’, ‘ವಿಚಾರಣೆ ವೇಳೆ ಸ್ಫೋಟಕ ಮಾಹಿತಿ ಬಹಿರಂಗ’, ‘ಕೊನೆಗೂ ಬಾಯಿಬಿಟ್ಟ ಆರೋಪಿ’. ಇಂಥ ಶೀರ್ಷಿಕೆ ಇಲ್ಲದ ದಿನವೇ ಕಡಿಮೆ. ಒಳಗಿನ ಸುದ್ದಿ ಓದಿದರೆ ಇರುವುದು ಇಷ್ಟೇ: ಪೊಲೀಸರು ಒಬ್ಬನನ್ನು ಹಿಡಿದಿದ್ದಾರೆ, ಅವನು ಹೀಗೆ ಹೇಳಿದ ಅಂತ ಪೊಲೀಸರು ಹೇಳಿದ್ದಾರೆ. ಹೇಳಿದ್ದು ನಿಜವೋ ಅಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಆದರೆ ಶೀರ್ಷಿಕೆ ಬರೆದವರಿಗೆ ಮಾತ್ರ ಗೊತ್ತಾಗಿಬಿಟ್ಟಿದೆ!

ಇದು ಬರೀ ಪದದ ಜಗಳ ಅಂದುಕೊಳ್ಳಬೇಡಿ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ‘ಅವನು ಹಾಗೆ ಹೇಳಿದ, ಆದರೆ ಅದು ಸುಳ್ಳು’ ಅನ್ನಿ. ವಾಕ್ಯ ಸರಿಯಾಗೇ ಇದೆ. ಈಗ ‘ಅವನು ಅದನ್ನು ಬಯಲು ಮಾಡಿದ, ಆದರೆ ಅದು ಸುಳ್ಳು’ ಅನ್ನಿ. ನಾಲಿಗೆ ತಡವರಿಸುತ್ತದೆ, ಅಲ್ವಾ? ಯಾಕೆಂದರೆ ಬಯಲಾಗಬೇಕಾದರೆ ಮೊದಲು ಆ ವಿಷಯ ಇರಬೇಕು, ನಿಜವಾಗಿರಬೇಕು, ಮುಚ್ಚಿಟ್ಟಿರಬೇಕು. ‘ಬಯಲು’ ಅಂತ ಬರೆದ ಕೂಡಲೇ ಈ ಮೂರಕ್ಕೂ ಪತ್ರಿಕೆ ತಾನೇ ಜಾಮೀನು ನಿಂತ ಹಾಗಾಯಿತು. ‘ಹೇಳಿದ’ ಅನ್ನುವಾಗ ಹೊಣೆ ಹೇಳಿದವನದು. ‘ಬಯಲಾಯಿತು’ ಅನ್ನುವಾಗ ಹೊಣೆ ನಿಮ್ಮದು.

ನಮ್ಮ ವ್ಯಾಕರಣಕ್ಕೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿದೆ. ‘ಹಣ ಪಡೆದಿದ್ದಾರೆ ಎಂದು ಆರೋಪಿಸಿದರು’ ಅನ್ನುತ್ತೇವೆ. ‘ಹಣ ಪಡೆದಿರುವುದು ಬಯಲಾಗಿದೆ’ ಅನ್ನುತ್ತೇವೆ. ಮೊದಲನೆಯದರಲ್ಲಿ ‘ಎಂದು’ ಕಾವಲು ಕೂತಿದೆ, ಇದು ಇನ್ನೊಬ್ಬರ ಮಾತು ಎಂದು ಓದುಗರಿಗೆ ತಿಳಿಸುತ್ತಿದೆ. ಎರಡನೆಯದರಲ್ಲಿ ಅದು ಮಾಯ. ‘ಪಡೆದಿರುವುದು’ ಆಗಲೇ ನಡೆದುಹೋದ ಸಂಗತಿ, ಅದರ ಬಗ್ಗೆ ಚರ್ಚೆಯೇ ಇಲ್ಲ. ಉಪಸಂಪಾದಕರೊಬ್ಬರು ರಾತ್ರಿ ಹನ್ನೊಂದಕ್ಕೆ ಅವಸರದಲ್ಲಿ ‘ಎಂದು’ ಕಿತ್ತು ‘ಇರುವುದು’ ಸೇರಿಸಿದರೆ, ನ್ಯಾಯಾಲಯ ವರ್ಷಗಟ್ಟಲೆ ಕೂತು ತೀರ್ಮಾನ ಮಾಡಬೇಕಾದ್ದು ಅಲ್ಲೇ ಮುಗಿದುಹೋಗುತ್ತದೆ.

‘ಬಹಿರಂಗ’ ಅನ್ನುವ ಪದ ಮೊದಲಿನಿಂದ ಹೀಗೇನೂ ಇರಲಿಲ್ಲ. ‘ಇದೇ ಅಂತರಂಗ ಶುದ್ಧಿ, ಇದೇ ಬಹಿರಂಗ ಶುದ್ಧಿ’ ಎಂದು ಬಸವಣ್ಣನವರು ಹೇಳಿದಾಗ ಅದಕ್ಕಿದ್ದ ಅರ್ಥ ಹೊರಗಿನದು ಅಂತ, ಅಷ್ಟೇ. ಬಹಿರಂಗ ಸಭೆ, ಬಹಿರಂಗ ಹರಾಜು, ಬಹಿರಂಗ ಪತ್ರ, ಮತದಾನ ಮುಗಿಯುವ 48 ಗಂಟೆ ಮೊದಲು ನಿಲ್ಲುವ ಬಹಿರಂಗ ಪ್ರಚಾರ, ಇಲ್ಲೆಲ್ಲ ಈಗಲೂ ಎಲ್ಲರ ಎದುರಿಗೆ ಅನ್ನುವ ಅರ್ಥವೇ ಇದೆ. ಯಾವ ಗುಟ್ಟೂ ಇಲ್ಲ, ಯಾರ ತಪ್ಪೂ ಇಲ್ಲ. ‘ಪಡಿಸು’ ಸೇರಿಕೊಂಡಾಗ ಮಾತ್ರ ಅದಕ್ಕೆ ಗುಟ್ಟಿನ ವಾಸನೆ ಬರುತ್ತದೆ. ಅದೂ ತಪ್ಪಲ್ಲ, ಪದಗಳು ಬೆಳೆಯುವುದೇ ಹಾಗೆ. ಆದರೆ ಗುಟ್ಟು ಇತ್ತು ಅಂತ ಗೊತ್ತಿರುವಾಗ ಬಳಸಿ.

‘ಬಾಯಿಬಿಟ್ಟ’ ಎಂಬುದಂತೂ ಇನ್ನೂ ಜಾಸ್ತಿ ಅಪಾಯದ ಪದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಒಳಗಿದ್ದ ಬಣ್ಣ ಹೊರಗೆ ಬಂತು ಎಂಬ ಧ್ವನಿ ಅದರಲ್ಲೇ ಇದೆ. ಹೇಳಲು ಮನಸ್ಸಿಲ್ಲದವನು, ತಡೆದುಕೊಂಡಿದ್ದವನು, ಕೊನೆಗೆ ಸೋತು ನಿಜ ಹೇಳಿದ ಎಂಬ ಇಡೀ ಕಥೆ ಆ ಒಂದೇ ಪದದಲ್ಲಿ ತುಂಬಿದೆ. ಅದರ ಜೊತೆಗೆ ನಿಮ್ಮ ವರದಿಗಾರರು ಇನ್ನೊಂದು ಮಾತು ಸೇರಿಸುತ್ತಾರೆ: ‘ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ’. ಆ ಶೈಲಿ ಯಾವುದು ಅಂತ ಓದುವವರಿಗೂ ಗೊತ್ತು, ಬರೆಯುವವರಿಗೂ ಗೊತ್ತು. ಒಬ್ಬ ಮನುಷ್ಯನಿಗೆ ಹೊಡೆದು ಮಾತಾಡಿಸಿದರು ಅನ್ನುವುದನ್ನು ಇಷ್ಟು ಮುದ್ದಾಗಿ, ಅದೂ ಮೆಚ್ಚುಗೆಯ ದನಿಯಲ್ಲಿ ಬರೆದು, ಮುಂದಿನ ಸಾಲಿನಲ್ಲೇ ‘ಸತ್ಯ ಬಾಯಿಬಿಟ್ಟಿದ್ದಾನೆ’ ಅಂದರೆ ಅದನ್ನು ನಂಬುವುದು ಹೇಗೆ? ನೋವು ತಾಳಲಾರದವನು ಸತ್ಯವನ್ನೂ ಹೇಳುತ್ತಾನೆ, ಸುಳ್ಳನ್ನೂ ಹೇಳುತ್ತಾನೆ. ಆ ಹೊತ್ತಿಗೆ ಎದುರಿಗಿರುವವರು ಏನು ಕೇಳಲು ಕಾಯುತ್ತಿದ್ದಾರೋ ಅದನ್ನೇ ಹೇಳುತ್ತಾನೆ.

ಇದು ನನ್ನ ಹೊಸ ಸಂಶೋಧನೆಯೇನೂ ಅಲ್ಲ. ಬ್ರಿಟಿಷರಿಗೇ ಗೊತ್ತಿತ್ತು. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಪೊಲೀಸರ ವಶದಲ್ಲಿದ್ದಾಗ ಬೇರೆಯವರ ಹತ್ತಿರ ಒಪ್ಪಿಕೊಂಡರೂ, ಮ್ಯಾಜಿಸ್ಟ್ರೇಟರು ಎದುರಿಗೆ ಇಲ್ಲದಿದ್ದರೆ ಅದೂ ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ಮಾತು ಹಾಗೇ ಇದೆ, 23ನೇ ಸೆಕ್ಷನ್‌ಗೆ ಬಂದು ಕೂತಿದೆ ಅಷ್ಟೇ. ಸಂಘಟಿತ ಅಪರಾಧ ತಡೆಯಲು ಮಾಡಿದ ಕೋಕಾದಂಥ ವಿಶೇಷ ಕಾಯ್ದೆಗಳ ಮಾತು ಬೇರೆ, ಅಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಗೆ ಜಾಗವಿದೆ. ಆದರೆ ನಿಮ್ಮ ಪುಟಗಳಲ್ಲಿ ಬರುವ ಕಳ್ಳತನ, ಕೊಲೆ, ವಂಚನೆಯ ಪ್ರಕರಣಗಳಲ್ಲಿ ಬಹುಪಾಲು ಸಾಮಾನ್ಯ ಕಾನೂನಿನ ಕೆಳಗೇ ಬರುತ್ತವೆ. ಅಂದರೆ ಯಾವ ಮಾತನ್ನು ನ್ಯಾಯಾಧೀಶರು ಸಾಕ್ಷ್ಯ ಅಂತ ಒಪ್ಪುವ ಹಾಗೇ ಇಲ್ಲವೋ ಅದನ್ನು ನೀವು ಮುಖಪುಟದಲ್ಲಿ ನಮಗೆ ಸತ್ಯ ಅಂತ ಕೊಡುತ್ತಿದ್ದೀರಿ.

ಇದಕ್ಕೊಂದು ವಿನಾಯಿತಿ ಇದೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗವೂ ಅದೇ. ಹಳೇ ಕಾಯ್ದೆಯ 27ನೇ ಸೆಕ್ಷನ್. ಆರೋಪಿ ಹೇಳಿದ ಮಾತಿನಿಂದ ಏನಾದರೂ ಹೊಸ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತನ್ನಷ್ಟೇ ಕೋರ್ಟು ತೆಗೆದುಕೊಳ್ಳುತ್ತದೆ. ಠಾಣೆಯಲ್ಲಿ ಅದನ್ನು ‘ಸ್ವಇಚ್ಛಾ ಹೇಳಿಕೆ’ ಅಂತ ಬರೆಯುತ್ತಾರೆ (ಎಷ್ಟು ಸ್ವಇಚ್ಛೆಯೋ ದೇವರಿಗೇ ಗೊತ್ತು), ಆಮೇಲೆ ಪಂಚರನ್ನು ಕರೆದುಕೊಂಡು ಹೋಗಿ ಮಹಜರು ಮಾಡುತ್ತಾರೆ. ಸ್ವಾತಂತ್ರ್ಯ ಬರುವ ಸ್ವಲ್ಪ ಮುಂಚೆ, ಆಗ ನಮಗೆ ಕೊನೆಯ ಮೇಲ್ಮನವಿಯ ಜಾಗವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದರ ಬಗ್ಗೆ ಒಂದು ತೀರ್ಪು ಕೊಟ್ಟಿತು. ಪುಲುಕುರಿ ಕೊಟ್ಟಯ್ಯ ಪ್ರಕರಣ ಅಂತ, ವಕೀಲರಿಗೆಲ್ಲ ಬಾಯಿಪಾಠ. ಅದರಲ್ಲಿ ಕೊಟ್ಟ ಉದಾಹರಣೆ ನೋಡಿ. ‘ನನ್ನ ಮನೆಯ ಸೂರಿನಲ್ಲಿ ಬಚ್ಚಿಟ್ಟಿರುವ ಚಾಕುವನ್ನು ತೋರಿಸುತ್ತೇನೆ, ಅದರಿಂದಲೇ ಅವನಿಗೆ ಇರಿದೆ’ ಅಂತ ಒಬ್ಬ ಹೇಳಿದ, ಚಾಕು ಸಿಕ್ಕಿತು ಅಂದುಕೊಳ್ಳಿ. ಇಲ್ಲಿ ಪತ್ತೆಯಾಗಿದ್ದು ಏನು? ಚಾಕು ಅಲ್ಲ, ಚಾಕುವನ್ನು ಮನುಷ್ಯರು ಬಹಳ ಹಿಂದೆಯೇ ಕಂಡುಹಿಡಿದಾಗಿದೆ ಅಂತಾರೆ ನ್ಯಾಯಮೂರ್ತಿಗಳು! ಪತ್ತೆಯಾಗಿದ್ದು, ಅವನ ಮನೆಯಲ್ಲಿ ಒಂದು ಚಾಕು ಬಚ್ಚಿಟ್ಟಿತ್ತು ಮತ್ತು ಅದು ಅವನಿಗೆ ಗೊತ್ತಿತ್ತು ಎಂಬ ಸಂಗತಿ. ಅಷ್ಟು ಮಾತ್ರ. ‘ಅದರಿಂದಲೇ ಇರಿದೆ’ ಅನ್ನುವ ಮಾತು ಸೂರಿನಲ್ಲಿ ಸಿಗಲಿಲ್ಲ, ಹಾಗಾಗಿ ಅದು ಹೊರಗೆ.

ಒಂದೇ ವಾಕ್ಯವನ್ನು ನಡುವೆ ಸೀಳಿ, ಇಷ್ಟು ಬಯಲಾಗಿದೆ, ಇಷ್ಟು ಬರೀ ಮಾತು ಅಂತ ಬೇರೆ ಮಾಡುವ ಈ ಶಿಸ್ತು ಪತ್ರಿಕೆಗಳಿಗೂ ಬರಬಾರದೇ? ಇದೇ ಚಾಕುವಿನ ಸುದ್ದಿ ನಿಮ್ಮಲ್ಲಿ ಬಂದರೆ ಹೇಗಿರುತ್ತದೆ ಅಂತ ನಾನೇ ಬರೆದುಕೊಡುತ್ತೇನೆ: ‘ಇರಿದು ಕೊಂದಿದ್ದು ಬಯಲು: ಚಾಕು ಸಮೇತ ಸಿಕ್ಕಿಬಿದ್ದ ಹಂತಕ’. ಹಂತಕ! ಇನ್ನೂ ಚಾರ್ಜ್‌ಶೀಟ್ ಕೂಡ ಆಗಿರುವುದಿಲ್ಲ.

ಮಂಪರು ಪರೀಕ್ಷೆಯ ಕಾಲ ನೆನಪಿದೆಯೇ? ಎರಡು ಸಾವಿರದ ದಶಕದಲ್ಲಿ ಅದೇ ಒಂದು ದೊಡ್ಡ ಸುದ್ದಿಯಾಗಿತ್ತು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಆರೋಪಿಗೆ ಸೂಜಿ ಚುಚ್ಚಿ ಅರೆನಿದ್ದೆಯಲ್ಲಿ ಮಾತಾಡಿಸುವುದು, ಅದರ ವಿಡಿಯೊ ಚಾನೆಲ್‌ಗಳಲ್ಲಿ ಓಡುವುದು, ‘ಮಂಪರಿನಲ್ಲಿ ಸತ್ಯ ಬಯಲು’ ಅಂತ ಬರೆಯುವುದು. 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಇದಕ್ಕೆ ಕಡಿವಾಣ ಹಾಕಿತು. ವ್ಯಕ್ತಿಯ ಒಪ್ಪಿಗೆ ಇಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಅನ್ನುವ ಸಂವಿಧಾನದ 20(3)ನೇ ವಿಧಿಗೆ ಇದು ವಿರುದ್ಧ ಎಂದಿತು. ಪರೀಕ್ಷೆ ಕಡಿಮೆಯಾಯಿತು. ಶೀರ್ಷಿಕೆ ಬರೆಯುವ ಚಾಳಿ ಮಾತ್ರ ಹಾಗೇ ಉಳಿಯಿತು.

ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ವರದಿಗಾರರಿಗೆ ಸಿಗುವುದು ಠಾಣೆಯ ಪತ್ರಿಕಾ ಪ್ರಕಟಣೆ. ಅದರಲ್ಲೇ ‘ತಪ್ಪನ್ನು ಒಪ್ಪಿಕೊಂಡಿರುತ್ತಾನೆ’ ಅಂತ ಬರೆದಿರುತ್ತದೆ. ಸಾಹೇಬರು ವಶಪಡಿಸಿಕೊಂಡ ಮಾಲು ಮೇಜಿನ ಮೇಲೆ ಸಾಲಾಗಿ ಇಟ್ಟು ಫೋಟೊಗೆ ನಿಂತಿರುತ್ತಾರೆ. ಮರುದಿನ ಎದುರಾಳಿ ಪತ್ರಿಕೆ ‘ಬಯಲು’ ಅಂತ ಹಾಕಿ ನೀವು ‘ಪೊಲೀಸರ ಹೇಳಿಕೆ’ ಅಂತ ಹಾಕಿದರೆ ನಿಮ್ಮದು ಸಪ್ಪೆ ಕಾಣುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಈ ಬಗ್ಗೆ ತಲೆಹಾಕಿ, ಪೊಲೀಸರು ಮಾಧ್ಯಮಗಳಿಗೆ ಏನನ್ನು ಎಷ್ಟು ಹೇಳಬಹುದು ಎಂಬ ಮಾರ್ಗಸೂಚಿ ಸಿದ್ಧಪಡಿಸಲು ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಅದು ಪೊಲೀಸರಿಗಾಯಿತು. ಶೀರ್ಷಿಕೆ ಬರೆಯುವುದು ಪೊಲೀಸರಲ್ಲವಲ್ಲ. ಜಾಗ ಸಾಲುವುದಿಲ್ಲ ಅಂತ ಮಾತ್ರ ಹೇಳಬೇಡಿ ದಯವಿಟ್ಟು. ‘ಬಯಲು’ ಮೂರಕ್ಷರ. ‘ಆರೋಪ’ವೂ ಮೂರಕ್ಷರವೇ.

ಇದೇ ಪದಗಳು ಇನ್ನೊಂದು ಕಡೆ ಉಲ್ಟಾ ಕೆಲಸ ಮಾಡುತ್ತವೆ. ಚುನಾವಣೆ ಬಂದಾಗ ನೋಡಿ. ‘ಅಭ್ಯರ್ಥಿಯ ಕೋಟಿ ಕೋಟಿ ಆಸ್ತಿ ಬಹಿರಂಗ’, ‘ಕ್ರಿಮಿನಲ್ ಪ್ರಕರಣ ಬೆಳಕಿಗೆ’. ಅವರೇ ಪ್ರಮಾಣಪತ್ರದಲ್ಲಿ ಬರೆದು, ಸಹಿ ಮಾಡಿ, ಚುನಾವಣಾಧಿಕಾರಿಗೆ ಕೊಟ್ಟ ವಿವರ ಅದು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಮಾಡಿದ ಮೇಲೆ ಆಸ್ತಿ, ಸಾಲ, ವಿದ್ಯಾಭ್ಯಾಸ, ಮೇಲಿರುವ ಕೇಸು ಎಲ್ಲವನ್ನೂ ಕೊಡಲೇಬೇಕು. 2018ರ ಇನ್ನೊಂದು ತೀರ್ಪಿನ ನಂತರ ಕೇಸುಗಳ ವಿವರವನ್ನು ಪತ್ರಿಕೆಗಳಲ್ಲೂ ಪ್ರಕಟಿಸಬೇಕು. ನಿಮ್ಮ ಪತ್ರಿಕೆಗೇ ಆ ಜಾಹೀರಾತು ಬಂದಿರುತ್ತದೆ! ಒಳಪುಟದಲ್ಲಿ ಅವರೇ ದುಡ್ಡು ಕೊಟ್ಟು ಹಾಕಿಸಿದ ಪ್ರಕಟಣೆ, ಮುಖಪುಟದಲ್ಲಿ ನೀವು ಹುಡುಕಿ ತೆಗೆದ ರಹಸ್ಯ. ಇದಕ್ಕೆ ಸರಿಯಾದ ಪದ ‘ಘೋಷಣೆ’. ಘೋಷಿಸಿಕೊಂಡಿದ್ದಾರೆ ಅನ್ನಿ. ಘೋಷಿಸಿಕೊಳ್ಳದೆ ಬಿಟ್ಟಿದ್ದನ್ನು ಯಾರಾದರೂ ಹುಡುಕಿದರೆ ಆಗ ‘ಬಯಲು’ ಬರಲಿ, ನಾನೇ ಚಪ್ಪಾಳೆ ಹೊಡೆಯುತ್ತೇನೆ.

ಮಾಹಿತಿ ಹಕ್ಕಿನ ಸುದ್ದಿಗಳೂ ಹೆಚ್ಚುಕಡಿಮೆ ಹೀಗೇ. 2005ರ ಆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಕಚೇರಿಯೂ ಯಾರೂ ಕೇಳದೆಯೇ 17 ಬಗೆಯ ವಿವರಗಳನ್ನು ತಾನಾಗಿ ಪ್ರಕಟಿಸಬೇಕು. ನೌಕರರ ಸಂಬಳ, ಬಜೆಟ್, ಯಾವ ಯೋಜನೆಯ ಲಾಭ ಯಾರಿಗೆ ಸಿಕ್ಕಿತು ಅನ್ನುವುದೆಲ್ಲ ಅದರಲ್ಲಿ ಸೇರಿದೆ. ಅಂಥ ವಿವರವನ್ನು ಒಬ್ಬರು ಅರ್ಜಿ ಹಾಕಿ, ಕಾದು, ಮೇಲ್ಮನವಿ ಹಾಕಿ ತೆಗೆದಾಗ ‘ಆರ್‌ಟಿಐನಿಂದ ಬಹಿರಂಗ’ ಅಂತ ಬರೆಯುತ್ತೀರಿ. ಅಲ್ಲಿರುವ ಅಸಲಿ ಸುದ್ದಿ, ಗೋಡೆ ಮೇಲೆ ಇರಬೇಕಾದ್ದು ಯಾಕೆ ಇರಲಿಲ್ಲ ಅನ್ನುವುದು. ಅದನ್ನು ಕೇಳುವುದೇ ಇಲ್ಲ.

ಪದ ನಿಜವಾಗಿ ಸಲ್ಲುವ ಜಾಗಗಳೂ ಇವೆ. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ಬಳ್ಳಾರಿ ಗಣಿ ವರದಿಯನ್ನು ತೆಗೆದುಕೊಳ್ಳಿ. ಅದರ ಬಗ್ಗೆ ‘ಬಯಲಿಗೆ ಬಂತು’ ಅಂತ ಬರೆದಾಗ ಹಿಂದೆ ಒಂದು ವರದಿ ಇತ್ತು, ವರದಿಯ ಹಿಂದೆ ದಾಖಲೆಗಳಿದ್ದವು, ಕೆಳಗೆ ಹೆಸರು ಹಾಕಿ ಸಹಿ ಮಾಡಿದವರಿದ್ದರು. ಚುನಾವಣಾ ಬಾಂಡ್‌ಗಳ ವಿಷಯವೂ ಅಷ್ಟೇ. ರಾಜಕೀಯ ಪಕ್ಷಗಳಿಗೆ ದೇಣಿಗೆ ಯಾರು ಕೊಟ್ಟರು ಅನ್ನುವುದನ್ನು ಮುಚ್ಚಿಡುವ ಹಾಗೆಯೇ ಆ ಯೋಜನೆ ಮಾಡಲಾಗಿತ್ತು, 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ವಿವರ ಕೊಡಲು ಹೇಳಿತು, ಮಾರ್ಚ್‌ನಲ್ಲಿ ಚುನಾವಣಾ ಆಯೋಗದ ವೆಬ್‌ಸೈಟಿಗೆ ಬಂತು. ಇಲ್ಲಿ ‘ಬಹಿರಂಗ’ ಅಂದರೆ ಒಂದಕ್ಷರವೂ ಜಾಸ್ತಿಯಲ್ಲ. ಗುಟ್ಟು ಇತ್ತು, ಇಟ್ಟವರು ಯಾರು ಅಂತ ಗೊತ್ತಿತ್ತು, ತೆಗೆದವರು ಯಾರು ಅಂತಲೂ ಗೊತ್ತಿತ್ತು.

ತೆಗೆದವರು ಯಾರು ಅನ್ನುವುದು ಸಣ್ಣ ಪ್ರಶ್ನೆಯಲ್ಲ. ‘ಬಯಲಾಗಿದೆ’, ‘ಬೆಳಕಿಗೆ ಬಂದಿದೆ’, ‘ತಿಳಿದುಬಂದಿದೆ’, ಈ ಕ್ರಿಯಾಪದಗಳಿಗೆ ಮಾಡಿದವರೇ ಬೇಕಿಲ್ಲ. ಯಾರು ಬಯಲು ಮಾಡಿದರು? ಲೆಕ್ಕಪರಿಶೋಧಕರೇ, ಕೋರ್ಟೇ, ಜಗಳವಾಡಿಕೊಂಡ ಪಾಲುದಾರನೇ, ಹೆಸರು ಹೇಳಲು ಒಲ್ಲದ ‘ಮೂಲಗಳೇ’? ಪಾಲುದಾರ ಹೇಳಿದ್ದಕ್ಕೂ ಲೆಕ್ಕಪರಿಶೋಧಕರು ಬರೆದಿದ್ದಕ್ಕೂ ಒಂದೇ ತೂಕ ಬರುವುದು ಹೀಗೆ. ಶೀರ್ಷಿಕೆಯ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿ ‘ಬಹಿರಂಗ?’ ಅಂತ ಹಾಕುವುದು ಬೇರೆ ಶುರುವಾಗಿದೆ. ಬಹಿರಂಗ ಆಗಿದೆಯೋ ಇಲ್ಲವೋ ಅಂತ ನಿಮಗೇ ಗೊತ್ತಿಲ್ಲದಿದ್ದರೆ ನಮ್ಮನ್ನು ಕೇಳಿದರೆ ಹೇಗೆ ಸ್ವಾಮಿ?

ಇನ್ನು ನಿಜವಾಗಿಯೂ ಬಹಿರಂಗ ಮಾಡಬಾರದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನಗೆ ಬೇಸರಕ್ಕಿಂತ ಸಿಟ್ಟೇ ಜಾಸ್ತಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, 2 ವರ್ಷದವರೆಗೆ ಶಿಕ್ಷೆ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇನ್ನೂ ಬಿಡಿಸಿ ಹೇಳುತ್ತದೆ: ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥ ಬೇರೆ ಯಾವುದೇ ವಿವರ, ಯಾವುದನ್ನೂ ಕೊಡಬಾರದು. ಪತ್ರಿಕೆಗಳು ಏನು ಮಾಡುತ್ತವೆ? ‘ಹೆಸರು ಬದಲಾಯಿಸಲಾಗಿದೆ’ ಅಂತ ಆವರಣದಲ್ಲಿ ಹಾಕಿ ಕೈತೊಳೆದುಕೊಳ್ಳುತ್ತವೆ. ಆಮೇಲೆ ಇಂಥ ತಾಲ್ಲೂಕಿನ ಇಂಥ ಹಳ್ಳಿ, ಇಷ್ಟನೇ ಕ್ಲಾಸು, ಅಪ್ಪನ ಕೆಲಸ ಇಂಥದ್ದು, ಆರೋಪಿ ಆಕೆಯ ಸೋದರಮಾವ ಮತ್ತು ಅವನ ಪೂರ್ತಿ ಹೆಸರು! ಇನ್ನೂರು ಮನೆಯ ಹಳ್ಳಿಯಲ್ಲಿ ಇನ್ನೇನು ಉಳಿಯಿತು? ಹೆಸರು ಬರೆಯದಿದ್ದರೆ ಸಾಲದು, ಗುರುತು ಹಿಡಿಯಲು ಸಹಾಯ ಮಾಡುವ ಸಣ್ಣ ವಿವರವೂ ಬರಬಾರದು ಅಂತ 2018ರ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆರೋಪಿ ಠಾಣೆಯಲ್ಲಿ ಆಡಿದ ಮಾತನ್ನು ‘ಬಹಿರಂಗ’ ಅಂತ ಕೂಗಿ ಹೇಳುವ ಪತ್ರಿಕೆಗೆ, ತಾನೇ ಒಂದು ಮಗುವಿನ ಗುರುತನ್ನು ಬಹಿರಂಗ ಮಾಡುತ್ತಿದ್ದೇನೆ ಅನ್ನುವುದು ಹೊಳೆಯುವುದಿಲ್ಲವೇ? ಆ ಹುಡುಗಿ ನಾಳೆ ಅದೇ ಶಾಲೆಗೆ ಹೋಗಬೇಕು.

ಪದಗಳನ್ನು ನಿಷೇಧಿಸಿ ಅಂತ ನಾನು ಕೇಳುತ್ತಿಲ್ಲ. ಬಯಲು, ಬಹಿರಂಗ, ಬಾಯಿಬಿಡು ಎಲ್ಲವೂ ಇರಲಿ, ಒಳ್ಳೆಯ ಗಟ್ಟಿ ಪದಗಳು. ನಿಮ್ಮ ಸಂಪಾದಕೀಯ ವಿಭಾಗದಲ್ಲಿ ಒಂದು ಕಾಗದದ ಚೂರು ಅಂಟಿಸಿದರೂ ಸಾಕು. ಆರೋಪಿ ಠಾಣೆಯಲ್ಲಿ ಹೇಳಿದ್ದಕ್ಕೆ ‘ಪೊಲೀಸರ ಪ್ರಕಾರ’. ದೂರು ಕೊಟ್ಟವರು ಹೇಳಿದ್ದಕ್ಕೆ ‘ಆರೋಪ’. ತಾವಾಗಿ ಕೊಟ್ಟ ವಿವರಕ್ಕೆ ‘ಘೋಷಣೆ’. ದಾಖಲೆ ಕೈಯಲ್ಲಿದ್ದಾಗ ‘ಬಯಲು’, ಯಾರ ದಾಖಲೆ ಅಂತ ಮೊದಲ ಪ್ಯಾರಾದಲ್ಲೇ ಬರಲಿ.

ಇನ್ನೊಂದೇ ಒಂದು ವಿಷಯ. ಮೂರೋ ನಾಲ್ಕೋ ವರ್ಷ ಆದ ಮೇಲೆ ಅದೇ ಆರೋಪಿ ಖುಲಾಸೆಯಾಗುತ್ತಾನೆ. ಸುದ್ದಿ ಬಂದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು, ಎಷ್ಟೋ ಸಲ ಅದೂ ಇಲ್ಲ. ಆದರೆ ಹಳೆಯ ‘ಬಾಯಿಬಿಟ್ಟ ಹಂತಕ’ ನಿಮ್ಮ ವೆಬ್‌ಸೈಟಿನಲ್ಲಿ ಫೋಟೊ ಸಮೇತ ಹಾಗೇ ಇರುತ್ತಾನೆ. ಕೆಲಸ ಕೊಡುವವರು, ಬಾಡಿಗೆಗೆ ಮನೆ ಕೊಡುವವರು, ಹೆಣ್ಣು ಕೊಡುವವರು ಹೆಸರು ಹಾಕಿ ಹುಡುಕಿದರೆ ಮೊದಲು ಸಿಗುವುದು ಅದು. ಪತ್ರಿಕೆಯ ಪುಟವನ್ನು ತಿದ್ದಲು ಬರುವುದಿಲ್ಲ, ವೆಬ್‌ಸೈಟನ್ನು ತಿದ್ದಬಹುದಲ್ಲ. ಆ ಹಳೇ ಸುದ್ದಿಯ ತಲೆಯ ಮೇಲೆ ಒಂದು ಸಾಲು: ‘ಈ ಪ್ರಕರಣದಲ್ಲಿ ಇಂಥ ದಿನಾಂಕದಂದು ನ್ಯಾಯಾಲಯ ಆರೋಪಿಯನ್ನು ಖುಲಾಸೆ ಮಾಡಿದೆ’. ಖುಲಾಸೆಯಾದವರು ತೀರ್ಪಿನ ಪ್ರತಿ ಕಳಿಸಲು ಒಂದು ಇ-ಮೇಲ್ ವಿಳಾಸ ಪ್ರಕಟಿಸಿ. ಬಂದ ಪ್ರತಿಗಳನ್ನು ನೋಡಿ ಆ ಸಾಲು ಸೇರಿಸಲು ಒಬ್ಬರಿಗೆ ವಾರಕ್ಕೆ ಅರ್ಧ ದಿನದ ಕೆಲಸ ಇರಬಹುದು.

ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ಚುನಾವಣೆಯ ಭಾಗವನ್ನು ಕತ್ತರಿಸಿ, ಬಸವಣ್ಣನವರ ವಚನದ ಭಾಗವನ್ನೂ ಬೇಕಾದರೆ ತೆಗೆಯಿರಿ. ಚಾಕುವಿನ ಭಾಗ ಮಾತ್ರ ಇರಲಿ. ಹಾಗೇ ಈ ಪತ್ರಕ್ಕೆ ‘ಪತ್ರಿಕೆಗಳ ಬಣ್ಣ ಬಯಲು ಮಾಡಿದ ಓದುಗ’ ಅಂತ ಶೀರ್ಷಿಕೆ ಹಾಕಬೇಡಿ. ನಾನು ಏನನ್ನೂ ಬಯಲು ಮಾಡಿಲ್ಲ, ಸುಮ್ನೆ ಹೇಳಿದ್ದೇನೆ.

ಇತಿ,
ನಿಮ್ಮ ಹಳೆಯ ಓದುಗ